ಬಣ್ಣದ ಕಾಕಾ ಆರಿಸಿದ ಪ್ರಿಂಟರ್

ಅವರ ಬಲಗೈ ಮಣಿಕಟ್ಟಿನವರೆಗೆ ಕೆಂಪು, ಎಡಗೈ ನೀಲಿ. ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರೆ ಇಬ್ಬರು ಬೇರೆ ಬೇರೆ ಮನುಷ್ಯರು ಒಂದೊಂದು ಕೈ ಕೊಟ್ಟಂತೆ ಕಾಣುತ್ತಿತ್ತು. ಉಗುರಂತೂ ಇನ್ನೂ ಗಾಢ. ಸೋಪು, ನಿಂಬೆಹಣ್ಣು, ಸೀಮೆಎಣ್ಣೆ, ಯಾವುದಕ್ಕೂ ಬಗ್ಗದ ಬಣ್ಣ. ಹುನಗುಂದದ ಒಂದು ಮದುವೆಯಲ್ಲಿ ಹೊಸ ಬೀಗರು ಆ ಕೈ ನೋಡಿ, ಏನೋ ಚರ್ಮರೋಗವಿರಬೇಕು ಎಂದುಕೊಂಡು ಊಟಕ್ಕೆ ಚಮಚ ತಂದಿಟ್ಟರಂತೆ. ಇವರು ಚಮಚ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಲೇ ರೊಟ್ಟಿ ಮುರಿಯೂದು ಹ್ಯಾಂಗಂತ ನೀವ ಒಮ್ಮಿ ತೋರಸ್ರಿ, ಕಲೀತೇನಿ" ಅಂದರಂತೆ. ಪಂಕ್ತಿ ಪೂರಾ ನಕ್ಕಿತಂತೆ. ಈ ಕತೆ ಹೇಳುವಾಗಲೆಲ್ಲ ಅವರು ಕೈ ಮುಂದೆ ಚಾಚಿ ತಾವೇ ಒಮ್ಮೆ ನೋಡಿಕೊಳ್ಳುತ್ತಿದ್ದರು.

ಇಳಕಲ್ಲಿನಲ್ಲಿ ನಮ್ಮ ಹಿತ್ತಲಿಗೆ ಅಂಟಿಕೊಂಡೇ ಅವರ ಬಣ್ಣದ ಮನೆ. ಸೀರೆ ನೇಯುವವರಿಗೆ ನೂಲಿನ ಲಡಿಗಳಿಗೆ ಬಣ್ಣ ಹಾಕಿ ಕೊಡುವುದು ಅವರ ಕಾಯಕ. ಕೊಪ್ಪರಿಗೆ ತೊಳೆದ ನೀರು ನಮ್ಮ ಗೋಡೆಯ ಪಕ್ಕದ ಗಟಾರದಲ್ಲಿ ಹರಿಯುತ್ತಿತ್ತು, ಇವತ್ತು ಯಾವ ಬಣ್ಣದ ಕೆಲಸ ನಡೆದಿದೆ ಎಂದು ಗಟಾರ ನೋಡಿಯೇ ಹೇಳಬಹುದಿತ್ತು. ಊರಿಗೆಲ್ಲ ಅವರು ಬಣ್ಣದ ಕಾಕಾ. ಮದುವೆಯಾಗಿ ಬಂದ ವಾರದೊಳಗೆ ನನಗೂ ಕಾಕಾ ಆದರು.

ನಾನು ಸುಮ್ಮನೆ ಕೂರುವ ಜಾತಿಯಲ್ಲ. ಗಂಡ ಗ್ರಾನೈಟ್ ಪಾಲಿಶ್ ಕಾರ್ಖಾನೆಗೆ ಹೋದ ಮೇಲೆ ದಿನ ಹೋಗುತ್ತಿರಲಿಲ್ಲ. ತವರಿನಲ್ಲಿ ಕಲಿತಿದ್ದ ಕ್ಯಾಮೆರಾ ಕೆಲಸ ನೆಚ್ಚಿಕೊಂಡು, ಮುಂದಿನ ಕೋಣೆಗೆ ನೀಲಿ ಪರದೆ ಕಟ್ಟಿ ಸ್ಟುಡಿಯೋ ತೆರೆದೆ. ಹೆಂಗಸೇ ಫೋಟೋ ತೆಗೆದರೆ ಹೆಂಗಸರು ಸಂಕೋಚವಿಲ್ಲದೆ ಕೂರುತ್ತಾರೆ ಅನ್ನುವ ನನ್ನ ಅಂದಾಜು ಸುಳ್ಳಾಗಲಿಲ್ಲ. ತಾಪತ್ರಯ ಇದ್ದದ್ದು ಪ್ರಿಂಟಿನದು. ಕ್ಯಾಮೆರಾದ ಮೆಮೊರಿ ಚಿಪ್ಪು ಬಾಗಲಕೋಟೆಯ ಲ್ಯಾಬಿಗೆ ಬಸ್ಸಿನಲ್ಲಿ ಹೋಗಬೇಕು, ಫೋಟೋ ಎರಡು ದಿನಕ್ಕೆ ಬರಬೇಕು. ಬಂದರೂ ಸೆರಗಿನ ಕೆಂಪು ಕಿತ್ತಳೆಯಾಗಿರುತ್ತಿತ್ತು. ಬೇರೆ ಊರಲ್ಲಾದರೆ ನಡೆದೀತು. ಇಳಕಲ್ಲಿನಲ್ಲಿ ಸೆರಗಿನ ಕೆಂಪು ತಪ್ಪಿದರೆ ಮೂಗು ತಪ್ಪಿದಷ್ಟೇ ದೊಡ್ಡ ತಪ್ಪು. "ಇದು ನನ್ನ ಸೀರಿ ಅಲ್ಲ" ಎಂದು ಒಬ್ಬಾಕೆ ತನ್ನದೇ ಫೋಟೋವನ್ನು ನನ್ನ ಮೇಜಿನ ಮೇಲೆ ಒಗೆದು ಹೋದ ದಿನ ನಾನು ಸ್ವಂತ ಪ್ರಿಂಟರ್ ಕೊಳ್ಳುವುದೆಂದು ನಿಶ್ಚಯಿಸಿದೆ.

ಯಾವುದು ಕೊಳ್ಳಬೇಕೋ ತಿಳಿಯದು. ಕಾಕಾನ ಮುಂದೆ ಗೊಣಗಿದೆ. ಅವರು ಲಡಿ ಹಿಂಡುತ್ತಿದ್ದವರು ತಲೆ ಎತ್ತಿ ಕೇಳಿದರು, "ಅದು ಬಣ್ಣಾನ ಹಾಕೂದಲ್ಲೇನ?"

"ಹೌದ್ರಿ ಕಾಕಾ, ಶಾಯಿ."

"ಹಂಗಾರ ನಾನೂ ಬರ್ತೇನಿ."

ಕಂಪ್ಯೂಟರ್ ಮುಟ್ಟಿ ನೋಡದ ಮನುಷ್ಯ ಪ್ರಿಂಟರ್ ಆರಿಸಲು ಹೊರಟರು. ನನಗೆ ಒಳಗೊಳಗೇ ನಗು. ಬಾಗಲಕೋಟೆಯ ಅಂಗಡಿಯಲ್ಲಿ ಮಾರುವ ಹುಡುಗ ಎಲ್ಲಕ್ಕಿಂತ ಅಗ್ಗದ ಯಂತ್ರ ತೋರಿಸಿ ಅದರ ಗುಣಗಾನ ಶುರುಮಾಡಿದ. ಕಾಕಾ ಎಲ್ಲ ಕೇಳಿ, "ಶಾಯಿ ಎಲ್ಲಿ ಹಾಕತೀರಿ?" ಅಂದರು. ಆತ ಬೆರಳಷ್ಟು ದೊಡ್ಡ ಡಬ್ಬಿ ತೋರಿಸಿದ. ಮುಗಿದರೆ ಹೊಸ ಡಬ್ಬಿ ಕೊಳ್ಳಬೇಕು, ಒಂದು ಬಣ್ಣ ಮುಗಿದರೂ ಮೂರೂ ಬಣ್ಣದ ಡಬ್ಬಿ ಒಗೆಯಬೇಕು.

"ಅಂದ್ರ ಹಳದಿ ತೀರಿತಂದ್ರ ಕೆಂಪೂ ಚೆಲ್ಲಬೇಕು?"

"ಹೌದ್ರಿ ಅಜ್ಜಾರ."

"ಯಂತ್ರ ಅಗ್ಗ ಯಾಕ ಕೊಡ್ತೀರಿ ಅಂತ ಈಗ ತಿಳೀತ ನೋಡು."

ಪಕ್ಕದಲ್ಲಿ ಬಾಟಲಿಯಿಂದ ಶಾಯಿ ಸುರಿಯುವ ಟ್ಯಾಂಕಿನ ಯಂತ್ರಗಳಿದ್ದವು. ಬೆಲೆ ಹೆಚ್ಚು. ಆದರೆ ಪ್ರತಿ ಬಣ್ಣಕ್ಕೂ ಅದರದೇ ತೊಟ್ಟಿ, ಯಾವುದು ಎಷ್ಟಿದೆ ಎಂದು ಹೊರಗಿನಿಂದಲೇ ಕಾಣುತ್ತಿತ್ತು. ಕಾಕಾ ತಮ್ಮ ಕೈಚೀಲದಿಂದ ಸೆರಗಿನ ಒಂದು ತುಂಡು ತೆಗೆದು ಮೇಜಿನ ಮೇಲೆ ಹಾಸಿದರು. "ಈ ಕೆಂಪು ಛಾಪಿಸಿ ತೋರಸ್ರಿ. ಎಲ್ಲಾ ಯಂತ್ರದಾಗೂ." ಹುಡುಗ ನನ್ನ ಮುಖ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಒಟ್ಟು ಐದು ಹಾಳೆ ಬಂದವು. ಟ್ಯೂಬ್‌ಲೈಟಿನ ಕೆಳಗೆ ಎಲ್ಲವೂ ಒಂದೇ ಥರ. ಕಾಕಾ ಐದನ್ನೂ ಎತ್ತಿಕೊಂಡು ರಸ್ತೆಗಿಳಿದು, ಬಿಸಿಲಲ್ಲಿ ಸೆರಗಿನ ಪಕ್ಕ ಒಂದೊಂದನ್ನೇ ಹಿಡಿದರು. ನಾಲ್ಕು ಹಾಳೆ ಅಲ್ಲೇ ಸೋತವು. ಆರು ಬಣ್ಣದ ಟ್ಯಾಂಕಿನದು ಮಾತ್ರ ಬಟ್ಟೆಯ ಕೆಂಪನ್ನು ಹಿಡಿದಿತ್ತು. ಅದರ ಮೂಲೆಗೆ ಎಂಜಲು ಹಚ್ಚಿ ಹೆಬ್ಬೆರಳಿಂದ ಉಜ್ಜಿ, ಬೆರಳು ನೋಡಿಕೊಂಡು, "ಇದನ್ನ ಕಟ್ಟರಿ" ಅಂದರು. ಬೆರಳು ಮೊದಲೇ ಕೆಂಪಿತ್ತು, ಏನು ಕಂಡರೋ ಅವರಿಗೇ ಗೊತ್ತು.

ಯಂತ್ರ ಮನೆಗೆ ಬಂದ ಮೇಲೆ ಅದು ನನ್ನದು ಎಂದುಕೊಂಡಿದ್ದೆ. ಸಂಜೆ ಕೆಲಸ ಮುಗಿಸಿ ಕಾಕಾ ಬಂದು ಅದರ ಪಕ್ಕದ ಸ್ಟೂಲಿನ ಮೇಲೆ ಕೂತರೆಂದರೆ ಅದು ಅವರ ಕೊಪ್ಪರಿಗೆಯೇ. ದೊಡ್ಡ ಫೋಟೋ ಹಾಕುವ ಮುಂಚೆ ಮುಖದಷ್ಟು ಭಾಗವನ್ನು ಬೆರಳಗಲದ ಪಟ್ಟಿಯಲ್ಲಿ ಛಾಪಿಸಿ ನೋಡಲು ಕಲಿಸಿದರು. ಬಣ್ಣದ ಮನೆಯಲ್ಲಿ ಮೊದಲು ಒಂದು ಎಳೆ ಅದ್ದಿ ನೋಡದೆ ಲಡಿ ಮುಳುಗಿಸುವುದಿಲ್ಲವಂತೆ. ಪಾಸ್‌ಪೋರ್ಟ್ ಫೋಟೋಗಳಿಗೆ ಅವಸರವಿಲ್ಲದಿದ್ದರೆ ನಾಲ್ಕು ಜನರದ್ದು ಕೂಡಿದ ಮೇಲೆ ಒಂದೇ ಹಾಳೆಗೆ ಹಾಕುವ ರೂಢಿಯೂ ಆಗ ಬಂದದ್ದೇ. ಆಗ ಮದುವೆ ಆಲ್ಬಮ್ಮಿನಲ್ಲಿ ಫೋಟೋಗಳ ಹಿಂದೆ ಪೂರ್ತಿ ಕಪ್ಪು ತುಂಬುವ ಫ್ಯಾಶನ್ ಇತ್ತು. ಕಾಕಾ ಆ ಕಪ್ಪನ್ನು ಬಹಳ ಹೊತ್ತು ನೋಡಿದರು.

"ಇಷ್ಟ ಕರೀದು ಯಾರ ಕೇಳ್ಯಾರ ಯವ್ವಾ?"

"ಚಂದ ಕಾಣತೈತ್ರಿ."

"ಬಿಳಿ ಬಿಡು. ಬಿಳಿ ಹಾಳಿಯಾಗ ಪುಕಟ ಬಂದೈತಿ. ನಮಗರ ಬಿಳಿ ನೂಲ ಅಂದ್ರ ಬಣ್ಣದ ಖರ್ಚ ಇಲ್ಲ, ಅದರ ಮ್ಯಾಲೆ ಕೆಂಪು ಎದ್ದ ಕಾಣತೈತಿ."

ಬಿಳಿ ಬಿಟ್ಟೆ. ಒಂದು ಕಪ್ಪು ಶಾಯಿ ಬಾಟಲಿ ಆಮೇಲೆ ಎಷ್ಟೋ ತಿಂಗಳು ಬಾಳಿಕೆ ಬಂತು. ವಧುಗಳು ಕೂಡ ಎದ್ದು ಕಂಡರು.

ಬೇಸಿಗೆಯಲ್ಲಿ ಒಣಗಾಳಿ, ಮೇಲಿಂದ ಕಲ್ಲಿನ ಧೂಳು. ಯಂತ್ರದ ಶಾಯಿ ಉಗುಳುವ ಬಾಯಿ ಕಟ್ಟಿ ಫೋಟೋದಲ್ಲಿ ಗೆರೆ ಬಂದವು. ರಿಪೇರಿಯವನಿಗೆ ಫೋನ್ ಮಾಡಿದರೆ, ಕ್ಲೀನಿಂಗ್ ಬಟನ್ ಒತ್ತಿರಿ, ಹೋಗದಿದ್ದರೆ ಮತ್ತೆ ಒತ್ತಿರಿ ಎಂದ. ಮೂರು ಸಲ ಒತ್ತಿದೆ. ಮೂರನೇ ಸಲಕ್ಕೆ ಕಾಕಾ ತೊಟ್ಟಿಗಳ ಮಟ್ಟ ನೋಡಿ ಎದ್ದು ನಿಂತರು. "ಶಾಯಿ ಇಳದೈತಿ. ಹಾಳಿ ಮ್ಯಾಗ ಏನೂ ಬಂದಿಲ್ಲ. ಹೋತೆಲ್ಲಿ?" ಯಂತ್ರದ ತಳದಲ್ಲಿ ಒಂದು ಸ್ಪಂಜು ಇದೆ, ಬಾಯಿ ತೊಳೆದ ಶಾಯಿಯೆಲ್ಲ ಅದರಲ್ಲಿ ಇಂಗುತ್ತದೆ ಎಂದೆ. ಅವರ ಮುಖ ನೋಡಬೇಕಿತ್ತು! ಕಡುಬಣ್ಣ ಹಾಕಿದ ಕೊಪ್ಪರಿಗೆಯಲ್ಲಿ ಉಳಿದ ನೀರಿಗೂ ಲಡಿ ಹಾಕಿ ತಿಳಿಬಣ್ಣ ತೆಗೆಯುತ್ತಿದ್ದವರು ಅವರು. ಅಂದಿನಿಂದ ಆ ಬಟನ್ನಿಗೆ ದಿನಕ್ಕೆ ಒಂದೇ ಒತ್ತು ಎಂದು ಕಟ್ಟಪ್ಪಣೆ. ಹೋಗದಿದ್ದರೆ ಮರುದಿನದವರೆಗೆ ಕಾಯಬೇಕು. ದಿನ ಬಿಟ್ಟು ದಿನ ಎಲ್ಲ ಬಣ್ಣವೂ ಇರುವ ಒಂದು ಸಣ್ಣ ಚಿತ್ರ ಛಾಪಿಸಬೇಕು, ಮೇಲೆ ಬಟ್ಟೆ ಹೊದಿಸಬೇಕು, ಗಾಳಿ ತೇವವಿರಲೆಂದು ಪಕ್ಕದಲ್ಲಿ ಒಂದು ಬಟ್ಟಲು ನೀರಿಡಬೇಕು. ನೋಡಿದವರು ಪ್ರಿಂಟರಿಗೂ ಪೂಜೆಯಾ ಎಂದು ನಕ್ಕರು. ಬಾಯಿ ಕಟ್ಟುವುದು ನಿಂತಿತು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ಉಳಿತಾಯದ ರುಚಿ ಹತ್ತಿಬಿಟ್ಟಿತ್ತು ನನಗೆ. ಕೆರೂರಿನ ಸಂತೆಗೆ ಹೋದಾಗ ಒಬ್ಬ ವ್ಯಾಪಾರಿ ಹೆಸರಿಲ್ಲದ ಬಾಟಲಿಗಳಲ್ಲಿ ಶಾಯಿ ಮಾರುತ್ತಿದ್ದ. ಕಾಲುಭಾಗ ಬೆಲೆ. ಬಣ್ಣ ನೋಡಲು ಅದೇ. ತಂದು ಸುರಿದೆ. ಅಗ್ಗದ ಹೊಳಪಿನ ಹಾಳೆಯನ್ನೂ ತಂದೆ. ಕಾಕಾನಿಗೆ ಹೇಳಲಿಲ್ಲ. ಹೇಳಿದರೆ ನೀರಿಗೆ ಹಿಡಿ, ಬಿಸಿಲಿಗೆ ಹಿಡಿ ಅನ್ನುತ್ತಾರೆ, ಯಾರಿಗೆ ಬೇಕು ಆ ರಗಳೆ ಎಂದುಕೊಂಡೆ. ಮೂರು ತಿಂಗಳು ಯಾರೂ ಏನೂ ಅನ್ನಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಒಂದು ಮಧ್ಯಾಹ್ನ ಕಮತಗಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ನನ್ನದೇ ವಯಸ್ಸು. ಅವಳ ಅತ್ತೆ ತೀರಿಕೊಂಡಾಗ ದೊಡ್ಡ ಫೋಟೋ ಮಾಡಿಕೊಟ್ಟವಳು ನಾನೇ. ಸೆರಗಿನ ಒಳಗಿಂದ ಹಲಗೆಗೆ ಅಂಟಿಸಿದ ಆ ಫೋಟೋ ತೆಗೆದಳು. ಅಜ್ಜಿಯ ಎರಡೂ ಕಣ್ಣುಗಳ ಕಪ್ಪು ಕೆನ್ನೆಯ ಮೇಲೆ ಇಳಿದಿತ್ತು.

ಅವರ ಮನೆಯಲ್ಲಿ ಹಿರಿಯರ ಫೋಟೋಗಳಿಗೆ ಗಾಜು ಹಾಕುವ ರೂಢಿಯಿಲ್ಲ. ಸೋಮವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿ, ಹಣೆಗೆ ವಿಭೂತಿ ಹಚ್ಚುತ್ತಾರೆ. ಹಳೇ ಕಾಲದ ಫೋಟೋಗಳು ವರ್ಷಗಟ್ಟಲೆ ಈ ಸ್ನಾನ ತಡೆದಿದ್ದವು. ನನ್ನದು ತಡೆಯಲಿಲ್ಲ.

"ಇನ್ನೊಂದ ಮಾಡಿಕೊಡ್ರಿ ಅಕ್ಕಾರ. ನಾ ಇಲ್ಲಿ ಬಂದದ್ದ ಮನಿಯಾಗ ಯಾರಿಗೂ ಗೊತ್ತಾಗೂದು ಬ್ಯಾಡ" ಎಂದಳು. "ಅತ್ತಿ ಅಳಾಕತ್ಯಾಳ ಅಂತಾರ್ರಿ. ಕಡೀ ದಿನದಾಗ ನಾ ಸರಿಯಾಗಿ ನೋಡ್ಲಿಲ್ಲಂತ. ಓಣಿಯವ್ರೆಲ್ಲಾ ಬಂದ ನೋಡಿ ಹೋಗ್ಯಾರ. ನಮ್ಮನಿಯವ್ರು ಮಾತ ಬಿಟ್ಟಾರ."

ಕೆರೂರಿನ ಶಾಯಿಯದೇ ಕೆಲಸವೆಂದು ನನಗೆ ಆ ಕ್ಷಣವೇ ತಿಳಿದಿತ್ತು. ಬಾಯಿ ಬಿಡಲಿಲ್ಲ. "ಗುರುವಾರ ಬರ್ರಿ, ಹೊಸಾದ ಮಾಡಿರ್ತೇನಿ" ಎಂದು ಹೇಳಿ ಕಳಿಸಿದೆ. ಇವತ್ತಿಗೂ ಆ ಮಾತು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಸಂಜೆ ಬಂದ ಕಾಕಾನ ಕಣ್ಣಿಗೆ ಆ ಫೋಟೋ ಬಿತ್ತು. ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದರು. ಕೆನ್ನೆಯ ಕಪ್ಪನ್ನು ಮುಟ್ಟಿ ಬೆರಳು ಮೂಸಿದರು. "ಇದು ನಾ ಆರಿಸಿದ ಶಾಯಿ ಅಲ್ಲ" ಅಂದರು. ಬೈಯಲಿಲ್ಲ. ನಾನು ಎಲ್ಲ ಹೇಳಿದೆ, ಕೆರೂರಿನ ಬಾಟಲಿಯಿಂದ ಹಿಡಿದು ಆ ಹೆಣ್ಣುಮಗಳ ಗಂಡ ಮಾತು ಬಿಟ್ಟದ್ದರವರೆಗೆ.

ಅವರು ಸ್ಟೂಲಿನ ಮೇಲೆ ಕೂತು ತಮ್ಮದೊಂದು ಕತೆ ಹೇಳಿದರು. ಪ್ರಾಯದಲ್ಲಿ ಒಮ್ಮೆ ಕೆಂಪು ಸರಿಯಾಗಿ ಕುದಿಸದೆ ಇಳಿಸಿದ್ದರಂತೆ. ಮದುವೆ ಸೀರೆಯೊಂದನ್ನು ತೊಳೆದಾಗ ಸೆರಗಿನ ಬಿಳಿಯೆಲ್ಲ ಗುಲಾಬಿಯಾಯಿತಂತೆ. ಬಣ್ಣಗಾರರ ಕಟ್ಟಳೆಯೆಂದರೆ, ಒಂದು ಲಡಿ ಬಣ್ಣ ಬಿಟ್ಟರೆ ಆ ಕೊಪ್ಪರಿಗೆಯ ಅಷ್ಟೂ ಲಡಿ ವಾಪಸು. ಯಾರೂ ಕೇಳಲಿ ಬಿಡಲಿ, ಬಣ್ಣ ಹಾಕಿದವನೇ ಮಗ್ಗದಿಂದ ಮಗ್ಗಕ್ಕೆ ಹೋಗಿ, ನನ್ನ ಬಣ್ಣ ಬಿಟ್ಟಿದೆ ಎಂದು ಹೇಳಿ ತರಬೇಕು.

"ಅರ್ಧಾ ನೇಯ್ದ ಸೀರಿ ಹರದ ತಂದೇನಿ ಯವ್ವಾ. ನಾಚಿಕಿ ಆತು. ಆದ್ರ ಮುಂದ ಯಾರೂ ನನ್ನ ಬಣ್ಣಾ ತೊಳದ ನೋಡಲಿಲ್ಲ."

"ಹೊಸಾದ ಮಾಡಿ ಕೊಟ್ಟ ಬಿಡ್ತೇನ್ರಿ ಕಾಕಾ. ಆಕೀನೂ ಅಷ್ಟ ಕೇಳ್ಯಾಳ."

"ಹೊಸಾದ ಕೊಟ್ರ ಅತ್ತಿ ಅಳೂದು ನಿಂತೈತಿ ಅಂತಾರ. ಕೆಟ್ಟ ಹೋದ ಆಕಿ ಹೆಸರ ತಿರುಗಿ ಬರತೈತೇನ?"

ನನಗೆ ಹೆದರಿಕೆಯೇ ಆಗಿತ್ತು. ಕಮತಗಿಯಲ್ಲಿ ಬಾಯಿಬಿಟ್ಟು ಹೇಳಿದರೆ ಸುದ್ದಿ ಹುನಗುಂದ, ಅಮೀನಗಡ ಎಲ್ಲ ಸುತ್ತಿ ನನಗಿಂತ ಮುಂಚೆ ಇಳಕಲ್ಲಿಗೆ ಬಂದು ಕೂತಿರುತ್ತದೆ. ಕಷ್ಟಪಟ್ಟು ಕಟ್ಟಿದ ಸ್ಟುಡಿಯೋಗೆ ಬೀಗ ಹಾಕಬೇಕಾದೀತು.

ಆದರೂ ಬುಧವಾರ ಬೆಳಿಗ್ಗೆ ಇಬ್ಬರೂ ಕಮತಗಿಯ ಬಸ್ ಹತ್ತಿದೆವು. ಅದೇ ಶಾಯಿಯ ಇನ್ನೊಂದು ಫೋಟೋ ತರಲು ಕಾಕಾ ಹೇಳಿದ್ದರು. ಬೇರೆ ಯಾರದ್ದೂ ಒಯ್ಯಲು ಮನಸ್ಸಾಗದೆ ನನ್ನದೇ ಒಂದನ್ನು ಛಾಪಿಸಿಕೊಂಡಿದ್ದೆ. ಮನೆಗೆ ಹೋಗಿ ಕೂತೆವು. ಕಾಕಾ ಆ ಮನೆಯ ಯಜಮಾನನಿಗೆ, ಅಂದರೆ ಅಜ್ಜಿಯ ಮಗನಿಗೆ, ಓಣಿಯ ನಾಲ್ಕು ಜನರನ್ನು ಕರೆಯಲು ಹೇಳಿದರು. ಬಾ ಅಂದರೆ ಸಾಕು, ಹತ್ತು ಜನ ಬಂದರು. ಸೊಸೆ ಒಳಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಯಾರಿಗೂ ಹೇಳಬೇಡಿ ಎಂದಿದ್ದೆನಲ್ಲ ಅನ್ನುವ ನೋಟ.

ಕಾಕಾ ಒಂದು ಪರಾತ ತುಂಬ ನೀರು ಕೇಳಿ ತರಿಸಿದರು. ನನ್ನ ಕಡೆ ತಿರುಗಿ, "ಹೇಳ" ಅಂದರು. ಅಷ್ಟೇ.

ನನ್ನ ಫೋಟೋವನ್ನು ನೀರಿಗೆ ಹಾಕಿದೆ. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಎತ್ತಿ ಹಿಡಿದೆ. ಜೀವಂತ ಕೂತಿರುವ ನನ್ನ ಫೋಟೋದ ಕಣ್ಣಿಂದಲೂ ಕೆನ್ನೆಗೆ ಕಪ್ಪು ಇಳಿಯುತ್ತಿತ್ತು, ತುಟಿಯ ಕೆಂಪು ಗದ್ದಕ್ಕೆ ಬಂದಿತ್ತು. "ಅತ್ತಿ ಅತ್ತಿಲ್ರಿ. ನಾನು ಅಗ್ಗದ ಶಾಯಿ ಹಾಕೇನಿ. ತಪ್ಪ ನಂದು. ಈಕಿ ಏನೂ ಮಾಡಿಲ್ಲ" ಎಂದೆ.

ಒಬ್ಬ ಮುದುಕಿ ಮುಂದೆ ಬಂದು ಪರಾತದ ನೀರು ನೋಡಿ, ಬೆರಳದ್ದಿ, "ಶಾಯೀನ ಐತಿ ನೋಡ್ರ್ಯೋ" ಅಂದಳು. ಯಜಮಾನ ತಾನೂ ನೀರು ಮುಟ್ಟಿ ನೋಡಿದ. ಆಮೇಲೆ ಹೆಂಡತಿಯ ಕಡೆ ನೋಡಿ, "ಬಂದವ್ರಿಗೆ ರೊಟ್ಟಿ ಮಾಡ್ತೀಯೇನ?" ಎಂದು ಕೇಳಿದ. ಅಷ್ಟು ದಿನದ ಮೇಲೆ ಅವಳ ಜೊತೆ ಅವನಾಡಿದ ಮೊದಲ ಮಾತು ಅದು. ಅವಳು ಒಳಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಜೋರಾಗಿಯೇ ಕೇಳಿಸಿತು. ಉಣ್ಣಲು ಕೂತಾಗ ನನ್ನ ತಾಟಿಗೆ ಬೆಣ್ಣೆ ಹಾಕುತ್ತ, ಅತ್ತೆಯ ಫೋಟೋ ಇದ್ದ ಗೋಡೆಯ ಕಡೆ ನೋಡಲೂ ತನಗೆ ಧೈರ್ಯವಿರಲಿಲ್ಲವೆಂದು ಮೆಲ್ಲಗೆ ಹೇಳಿದಳು.

ಬರುವಾಗ ಬಸ್ಸಿನಲ್ಲಿ ಕಾಕಾ ಕೇಳಿದ್ದು ಒಂದೇ ಪ್ರಶ್ನೆ. "ಆ ಶಾಯಿ ಇನ್ನ ಎಷ್ಟ ಮನಿಯಾಗ ಐತಿ?"

ಕಂಪ್ಯೂಟರಿನಲ್ಲಿ ಮೂರು ತಿಂಗಳ ಫೋಟೋಗಳೆಲ್ಲ ಇದ್ದವು. ಇಳಕಲ್ಲಿನ ಓಣಿಗಳು, ಹುನಗುಂದ, ಬಾದಾಮಿಯ ಒಂದು ಮನೆ, ಕೆರೂರಿನ ಎರಡು. ಹೋದೆ. ಪ್ರತಿ ಹೊಸ್ತಿಲಲ್ಲೂ ನನ್ನ ಬಣ್ಣ ಬಿಟ್ಟಿದೆ ಎಂದೆ. ಬಾದಾಮಿಯವರು ಬೈದರು, ಬೈಸಿಕೊಂಡೆ. ಅಷ್ಟರೊಳಗೆ ನಾನು ಶಾಯಿಗಳ ಬಗ್ಗೆ ಓದಿ ತಿಳಿದುಕೊಂಡಿದ್ದೆ. ನೀರಿನಲ್ಲಿ ಕರಗಿರುವ ಶಾಯಿ ಒಂದು, ಸಣ್ಣ ಪುಡಿಯಾಗಿ ಹಾಳೆಯ ಮೇಲೆ ಕೂತುಬಿಡುವ ಪಿಗ್ಮೆಂಟ್ ಶಾಯಿ ಇನ್ನೊಂದು. ಎರಡನೆಯದಕ್ಕೆ ಬೇರೆಯೇ ಯಂತ್ರ ಬೇಕು, ಮಿಂಚು ತುಸು ಕಡಿಮೆ. ಕಾಕಾನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. "ಕರಗೂ ಬಣ್ಣ, ಕುಂದ್ರೂ ಬಣ್ಣ. ನಮ್ಮಲ್ಲೂ ಎರಡೂ ಅದಾವ. ಆಲ್ಬಮ್ಮಿಗೆ ಕರಗೂದು ಇರ್ಲಿ. ಗೋಡಿಗೆ ಹೋಗೂದು ಕುಂದ್ರಬೇಕು" ಅಂದರು. ಆ ವರ್ಷ ಎತ್ತಿದ ಚೀಟಿಯ ಹಣದಲ್ಲಿ ಬಂಗಾರ ಕೊಳ್ಳುವುದಿತ್ತು, ಬದಲಿಗೆ ಸಣ್ಣ ಪಿಗ್ಮೆಂಟ್ ಯಂತ್ರ ಬಂತು. ಬಣ್ಣ ಬಿಟ್ಟ ಫೋಟೋಗಳಿಗೆಲ್ಲ ಅದರಲ್ಲೇ ಹೊಸದು ಛಾಪಿಸಿ ಕೊಟ್ಟೆ.

ಕಾಕಾ ಮಾತ್ರ ಕಂಡ ಕೂಡಲೇ ಒಪ್ಪುವ ಮನುಷ್ಯರಲ್ಲ. ಹೊಸ ಯಂತ್ರದ ಹಾಳೆಯನ್ನು ಮಾಳಿಗೆಯ ಮೇಲೆ, ಅರ್ಧಕ್ಕೆ ಕಲ್ಲಿನ ಹಲಗೆ ಮುಚ್ಚಿ, ಪಕ್ಕದಲ್ಲಿ ತಮ್ಮ ಕೆಂಪು ನೂಲಿನ ಒಂದು ಲಡಿಯನ್ನೂ ಇಟ್ಟು ಬಿಸಿಲಿಗೆ ಬಿಟ್ಟರು. ಇಡೀ ಬೇಸಿಗೆ. ಯುಗಾದಿ ಮುಗಿದು ಎಷ್ಟೋ ವಾರದ ಮೇಲೆ ಒಂದು ದಿನ ಹಲಗೆ ಎತ್ತಿದರು. ಹಾಳೆಯ ಮುಚ್ಚಿದ ಭಾಗಕ್ಕೂ ತೆರೆದ ಭಾಗಕ್ಕೂ ಕಣ್ಣಿಗೆ ಕಾಣುವ ಭೇದವಿರಲಿಲ್ಲ. ಅವರ ನೂಲು ಎಳ್ಳಷ್ಟು ಮಂಕಾಗಿತ್ತು. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ, "ನಿಂದು ನಿಂತೈತಿ" ಅಂದರು. ನನ್ನ ಬದುಕಿನಲ್ಲಿ ಎಷ್ಟೋ ಜನ ಹೊಗಳಿದ್ದಾರೆ. ಆ ಮಾತಿನಷ್ಟು ದೊಡ್ಡದು ಯಾವುದೂ ಇಲ್ಲ.

ಸುದ್ದಿ ನಾನು ಹೆದರಿದಂತೆಯೇ ಊರೂರು ಸುತ್ತಿತು. ಆದರೆ ಜನ ಬರುವುದು ನಿಲ್ಲಲಿಲ್ಲ. ಕಮತಗಿಯವರೇ ಮೊದಲು ಬಂದರು, ಆಮೇಲೆ ಅವರು ಕಳಿಸಿದವರು. ಹಿರಿಯರ ಫೋಟೋ ಎಂದರೆ ಈಗಲೂ ಗಿರಾಕಿಯ ಎದುರೇ ಅದೇ ಹಾಳೆಯ ಒಂದು ಪಟ್ಟಿಯನ್ನು ನೀರಿಗೆ ಅದ್ದಿ, ಒರೆಸಿ ತೋರಿಸಿಯೇ ಕೊಡುತ್ತೇನೆ. ಅಮೀನಗಡದ ಮಿಠಾಯಿ ಅಂಗಡಿಯವರು ತಮ್ಮ ಅಪ್ಪನ ಫೋಟೋಗೆ ಬಾಗಲಕೋಟೆ ಬಿಟ್ಟು ಇಳಕಲ್ಲಿಗೆ ಬಂದರು. ಇದನ್ನು ಜಂಬಕ್ಕೆ ಹೇಳುತ್ತಿದ್ದೇನೆ, ಮುಚ್ಚಿಡುವುದೇನಿದೆ.

ಕಳೆದ ವರ್ಷ ಶ್ರಾವಣದಲ್ಲಿ ಕಾಕಾ ಹೋದರು. ಮೂರು ದಿನ ಜ್ವರ, ನಾಲ್ಕನೆಯ ಬೆಳಿಗ್ಗೆ ಇಲ್ಲ. ಬಣ್ಣದ ಮನೆಯ ಒಲೆಗಳು ಅವತ್ತು ಉರಿಯಲಿಲ್ಲ. ಅಂಗಳದಲ್ಲಿ ಅವರನ್ನು ವಿಭೂತಿ ಹಚ್ಚಿ, ಹಾರ ಹಾಕಿ ಕೂರಿಸಿದ್ದರು. ಜನ ರಸ್ತೆಯವರೆಗೆ. ನಾನು ಹೆಂಗಸರ ಗುಂಪಿನಲ್ಲಿ ಹಿಂದೆ ನಿಂತಿದ್ದೆ, ಅಳು ತಡೆಯಲಾಗುತ್ತಿರಲಿಲ್ಲ.

ಬಳಗದವರು ಅವರ ಮೇಲೆ ಬಿಲ್ವಪತ್ರಿ ಏರಿಸಿ ಆದ ಮೇಲೆ ಕಾಕಾನ ಹೆಂಡತಿ ಕಾಕಿ ಎದ್ದು ನಿಂತರು. "ಇವರ ಕೈಯಾಗ ಕೆಲಸಾ ಕಲತವ್ರು ಬರ್ರಿ" ಎಂದು ಕರೆದರು. ಬಣ್ಣದ ಕೈಗಳ ಗಂಡಸರು ಒಬ್ಬೊಬ್ಬರಾಗಿ ಮುಂದೆ ಬಂದರು, ಕೆಲವರು ತಲೆ ನರೆತವರು, ತಮ್ಮದೇ ಬಣ್ಣದ ಮನೆ ಮಾಡಿಕೊಂಡವರು. ಎಲ್ಲರೂ ಪತ್ರಿ ಏರಿಸಿ ಕಾಲು ಮುಟ್ಟಿ ಪಕ್ಕಕ್ಕೆ ಸಾಲಾಗಿ ನಿಂತರು. ಮುಗಿಯಿತು ಎಂದುಕೊಂಡೆವು. ಕಾಕಿ ಇನ್ನೂ ನಿಂತೇ ಇದ್ದರು, ಗುಂಪಿನಲ್ಲಿ ಯಾರನ್ನೋ ಹುಡುಕುತ್ತಿದ್ದರು.

"ಎಲ್ಲಿ ಅದಾಳಕಿ, ಫೋಟೋದಾಕಿ?" ಅಂದರು. ನನ್ನನ್ನು ಕಂಡ ಕೂಡಲೇ ದನಿ ಏರಿಸಿದರು. "ಕರದದ್ದು ಕೇಳಿಸ್ಲಿಲ್ಲೇನವ್ವಾ? ನೀ ಕಲತಿಲ್ಲೇನ?"

ಜನ ದಾರಿ ಬಿಟ್ಟರು. ನಾನು ಹೋಗಿ ಪತ್ರಿ ಏರಿಸಿ, ಕಾಲು ಮುಟ್ಟಿ, ಬಣ್ಣಗಾರರ ಸಾಲಿನಲ್ಲಿ ಕೊನೆಯವಳಾಗಿ ನಿಂತೆ.